ಎರಡು ಮನೆಯ ಊಟ

ಅರಕೆರೆ
೧೪ ಜೂನ್ ೧೯೯೦

ತಮ್ಮ ತಿಮ್ಮರಾಜುವಿಗೆ,

ಮೊಣಕಾಲಿನ ಗಾಯ ಮಾಗಿತೇ? ಜ್ವರ ಮರುಕಳಿಸುತ್ತಿದೆಯೆಂದು ಬರೆದಿದ್ದೆ. ಬೆಳಗಾವಿಯ ಮಳೆಯಲ್ಲಿ ನೆನೆಯಬೇಡ. ಇಲ್ಲಿ ನಾಲೆಗೆ ಇನ್ನೂ ನೀರು ಬಿಟ್ಟಿಲ್ಲ. ಎಷ್ಟೇ ಸಿಟ್ಟಿದ್ದರೂ ಇಷ್ಟು ಕೇಳದೆ ಅಕ್ಕನ ಕೈ ಓಡುವುದಿಲ್ಲ.

ನಿನ್ನ ಕಾಗದ ಸೇರಿತು. ಮುಂದಿನ ತಿಂಗಳ ಮೊದಲ ಭಾನುವಾರ ಯುವಕ ಸಂಘದವರು ನಿನಗೆ ಸನ್ಮಾನ ಮಾಡುತ್ತಾರೆ, ಬಿನ್ನವತ್ತಳೆ ನಾನೇ ಬರೆಯಬೇಕು, ಅದರಲ್ಲಿ 'ಲಂಕೆಗೆ ಶಾಂತಿ ತಂದ ವೀರ' ಎಂದಿರಬೇಕು ಎಂದು ಬರೆದಿದ್ದೀಯ. ನಾನು ಕನ್ನಡ ಎಂ.ಎ. ಮಾಡಿದ್ದು ಇದಕ್ಕಲ್ಲ. ಇಷ್ಟು ವರ್ಷ ಪದ್ಯ ಓದಿದವಳಿಗೆ ಶಾಂತಿ ಎಂಬ ಮಾತಿನ ಭಾರ ಅಷ್ಟಿಷ್ಟು ಗೊತ್ತು.

ಅಪ್ಪನನ್ನು ನೆನೆದುಕೋ. ಸಂತೆಬಾಚಹಳ್ಳಿಯ ದಾಯಾದಿಗಳ ಜಗಳ ಬಿಡಿಸಲು ಹೋಗುವಾಗ ಬುತ್ತಿ ಕಟ್ಟಿಸಿಕೊಂಡೇ ಹೋಗುತ್ತಿದ್ದ. ನ್ಯಾಯ ಮುಗಿಯುವವರೆಗೆ ಯಾರ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ ಎರಡೂ ಮನೆಯಲ್ಲಿ ಉಣ್ಣಬೇಕು, ಹೆಚ್ಚು ನೊಂದವರ ಮನೆಯಲ್ಲಿ ಮೊದಲು. ಒಬ್ಬರು ಎಲೆ ಹಾಕದಿದ್ದರೂ "ನ್ಯಾಯ ಮುಗಿದಿಲ್ಲ ಕಣವ್ವ" ಎಂದು ಹಸಿದುಕೊಂಡೇ ಬರುತ್ತಿದ್ದ. ನೀವು ಶಾಂತಿಪಾಲನಾ ಪಡೆಯೆಂದು ಪಕ್ಕದ ದೇಶದ ಜಗಳ ಬಿಡಿಸಲು ಬಂದೂಕು ಹೊತ್ತು ಹೋದಿರಿ. ಯಾರನ್ನು ಕಾಯಲು ಹೋದಿರೋ ಅವರ ಮೇಲೇ ಗುಂಡು ಹಾರಿಸಬೇಕಾಯಿತೆಂದು ಬರೆದವನು ನೀನೇ. ತಮಿಳರೂ ಹೋಗಿ ಎಂದರು, ಸಿಂಹಳರೂ ಹೋಗಿ ಎಂದರು. ಯಾರ ಮನೆಯಲ್ಲಿ ನಿಮಗೆ ಎಲೆ ಬಿತ್ತು? ಹಡಗು ಇಳಿದಾಗ ಎದುರುಗೊಳ್ಳಬೇಕಾದ ಮಂತ್ರಿಗಳು ಬರಲಿಲ್ಲವೆಂದು ಕೊರಗುತ್ತೀಯಲ್ಲ, ನೀನು ಯಾರನ್ನು ಕಾಣಲು ಬಂದೆ? ರಜ ಸಿಕ್ಕಾಗ ಕಿರಂಗೂರಿನ ಮಾವನ ಮನೆಯಲ್ಲಿ ಇದ್ದು, ಅಲ್ಲಿಂದಲೇ ಹಿಂತಿರುಗಿದೆ.

ನೀನು ಊರಿಗೆ ಬಾರದ್ದು ಏಕೆಂದು ನನಗೆ ಗೊತ್ತು. ನಮ್ಮ ಹಿತ್ತಿಲಿಗೆ ತಾಗಿಕೊಂಡೇ ದೇವಯ್ಯನ ಮನೆ. ಅವನ ಮಗ ಕೃಷ್ಣನನ್ನು ಸೈನ್ಯಕ್ಕೆ ಸೇರಿಸಿದವನು ನೀನು, ಜಾಫ್ನಾದಲ್ಲಿ ಅವನು ಸತ್ತಾಗ ಪಕ್ಕದಲ್ಲಿದ್ದವನೂ ನೀನು. ಹೆಣ ಬರಲಿಲ್ಲ, ಅವನ ತಗಡಿನ ಪೆಟ್ಟಿಗೆ ಬಂತು. ಈಗ ಅವನ ತಾಯಿ ಮಂಚಮ್ಮನ ಕೈಯಿಂದಲೇ ನಿನಗೆ ಆರತಿ ಎತ್ತಿಸುತ್ತಾರಂತೆ. ಕೇಳಲು ಹೋಗಿದ್ದ ಸಂಘದ ಚಿಕ್ಕಸ್ವಾಮಿಗೆ ಅವಳು, "ನಿಮ್ ವೀರಂಗೆ ಸಮುದ್ರ ದಾಟಕ್ಕಾಯ್ತದೆ, ನಮ್ ಇತ್ಲು ದಾಟಕ್ಕಾಗಕಿಲ್ವಾ? ಮೊದ್ಲು ನಮ್ಮಟ್ಟೀಲಿ ಒಂದು ಮುದ್ದೆ ಉಣ್ಲಿ ಕಣ್ಲಾ, ಆಮ್ಯಾಕೆ ಆರತಿ" ಎಂದಳು. ಅವನು ತಲೆ ಕೆರೆದುಕೊಳ್ಳುತ್ತಾ ನನ್ನ ಹತ್ತಿರ ಬಂದ. ಬಿನ್ನವತ್ತಳೆಯನ್ನೂ ನಾನು ಬರೆಯುವುದಿಲ್ಲವೆಂದು ಹೇಳಿ ಕಳಿಸಿದೆ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನಗೆ ಆಯುಸ್ಸನ್ನು ಬೇಡುತ್ತೇನೆ, ಹೊಗಳಿಕೆಯನ್ನಲ್ಲ.

ನಿನ್ನ ಅಕ್ಕ
ದೊಡ್ಡತಾಯಮ್ಮ

ಇನ್ನೊಂದು ಮಾತು: ಅಂಚೆಗೆ ಹಾಕಲು ಹೊರಟಿದ್ದಾಗ ಮಂಚಮ್ಮ ಬೇಲಿಯ ಆಚೆಯಿಂದ ಕರೆದಳು. "ನಿಮ್ ತಮ್ಮಂಗೆ ಬರಿಯವ್ವ. ನಾನೇನೂ ಬಯ್ಯಕಿಲ್ಲ. ಅವತ್ತು ನನ್ ಮಗ ಉಂಡಿದ್ನಾ ಅಂತ ಮಾತ್ರ ಕೇಳ್ತೀನಿ." ಉತ್ತರವಿದ್ದರೆ ಸನ್ಮಾನದ ಹಿಂದಿನ ದಿನ ಶನಿವಾರವೇ ಬಂದು ಅವಳ ಮನೆಯಲ್ಲಿ ಕೂತು ಹೇಳು. ಇಲ್ಲದಿದ್ದರೆ ಭಾನುವಾರವೂ ಬರಬೇಡ. ಹಾರ ಬಾಡಿದರೆ ಬಾಡಲಿ.