ನೊಣದ ತಾಯಿ ಏನು ಹೆಚ್ಚಿದ್ದಳು?

ಅಗ್ರಹಾರ, ಮೈಸೂರು
೩ ಮಾರ್ಚ್ ೨೦೨೬

ಪ್ರೀತಿಯ ಸೊಸೆ ಅಪೂರ್ವಳಿಗೆ, ಮಾವನ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಊಟ ಸೇರುತ್ತಿದೆಯೇ? ಬಾಣಂತಿ ಮೈ, ತಣ್ಣೀರು ಮುಟ್ಟಬೇಡ. ಸಿದ್ಧಾರ್ಥನಗರಕ್ಕೆ ಆಟೋ ಹತ್ತಿದರೆ ಆಯಿತು, ಆದರೆ ತವರಿಗೆ ಹೋದಮೇಲೆ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಸಮರ್ಥ ದಿನಾ ನಿನ್ನನ್ನು ನೋಡಿಕೊಂಡು ಬರುತ್ತಾನೆ, ನಿಜ. ನನ್ನ ಮಗ ಮಾತಾಡಿದರೆ ಮುತ್ತು ಉದುರೀತು ಎನ್ನುವ ಪೈಕಿ, ಏನೂ ಹೇಳುವುದಿಲ್ಲ.

ಮಗು ಹೋದ ದಿನ ಆಸ್ಪತ್ರೆಯಲ್ಲಿ ನಿನ್ನತ್ತೆ ಅಂದ ಮಾತು ನಿನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ, ಬಲ್ಲೆ. "ಗ್ರಹಣದಲ್ಲಿ ಸೌತೆಕಾಯಿ ಹೆಚ್ಚಬೇಡ ಕಣೇ ಅಂತ ಬಡ್ಕೊಂಡೆ, ಕೇಳಿದ್ಯಾ?" ಬಸುರಿಯ ಬಯಕೆ, ಒಂದು ಹಿಡಿ ಕೋಸಂಬರಿ. ಅಷ್ಟಕ್ಕೇ ಕೂಸಿನ ಬೆನ್ನೆಲುಬು ಅರ್ಧಕ್ಕೆ ನಿಂತಿತೇ?

ಬದುಕಿಡೀ ಪ್ರಾಣಿಶಾಸ್ತ್ರ ಪಾಠ ಮಾಡಿದವನು ಹೇಳುತ್ತೇನೆ, ಕೇಳು. ನೊಣ, ಎರೆಹುಳು, ಹಾವು, ನಾವು, ಎಲ್ಲರ ಮೈಯ ನಕ್ಷೆ ಹಾಕುವುದು ಬಹುಮಟ್ಟಿಗೆ ಒಂದೇ ಮನೆತನದ ಜೀನ್‌ಗಳು. ತಲೆ ಎಲ್ಲಿ, ಎದೆ ಎಲ್ಲಿ, ಬಾಲ ಎಲ್ಲಿ ಎಂದು ಸಾಲಾಗಿ ಗೊತ್ತುಮಾಡುತ್ತವೆ. ಕೋಟ್ಯಂತರ ವರ್ಷಗಳ ಹಿಂದಿನ ಯಾವುದೋ ಹುಳುವಿನಂಥ ಅಜ್ಜಿ ಕೊಟ್ಟ ಬಳುವಳಿ. ನಿನ್ನತ್ತೆಯ ರಂಗೋಲಿಯ ಹಾಗೆ ಚುಕ್ಕಿ ಅವೇ, ಎಳೆ ಬೇರೆ. ಆ ಜೀನ್‌ಗಳು ಎಲ್ಲಿ, ಎಷ್ಟು ಹೊತ್ತು ಕೆಲಸ ಮಾಡುತ್ತವೆಂಬುದು ಬದಲಾಗುತ್ತ ಬಂದು ಹಾವಿನ ಕಾಲು ಹೋಯಿತು, ಪಕ್ಕೆಲುಬು ಹೆಚ್ಚಿತು. ಲೋಕಕ್ಕೆ ಇಷ್ಟು ಬಗೆಯ ಜೀವ ಕೊಟ್ಟ ಬದಲಾವಣೆಯೇ ಒಮ್ಮೊಮ್ಮೆ ಒಂದು ಮಗುವನ್ನು ಕಿತ್ತುಕೊಳ್ಳುತ್ತದೆ. ಹಣ್ಣಿನ ನೊಣದಲ್ಲಿ ಅಂಥ ಒಂದು ಜೀನ್ ಎಡವಿದರೆ ತಲೆಯ ಮೇಲಿನ ಕುಡಿಮೀಸೆಯ ಜಾಗದಲ್ಲಿ ಕಾಲು ಮೂಡುತ್ತದೆ. ಅದರ ತಾಯಿ ಏನು ಹೆಚ್ಚಿದ್ದಳು? ನಮ್ಮ ಕೂಸಿಗೂ ಹೀಗೇ ಒಂದು ಜೀನ್ ಎಡವಿತ್ತೆಂದು ಡಾಕ್ಟರೇ ಹೇಳಿದರಲ್ಲ. ಬೆನ್ನೆಲುಬಿನ ಸಾಲು ಮೊದಮೊದಲ ವಾರಗಳಲ್ಲೇ ತೀರ್ಮಾನವಾಗುತ್ತದೆ, ಸೆಪ್ಟೆಂಬರಿನ ಆ ಗ್ರಹಣಕ್ಕೆ ನಿನಗೆ ಐದು ತಿಂಗಳು. ನಿನ್ನ ಕೈಯಿಂದ ಏನೂ ಕೆಟ್ಟಿಲ್ಲ ಮಗಳೇ.

ಆ ಪುಟ್ಟ ಕೈ ನನ್ನ ಬೆರಳು ಹಿಡಿದಿತ್ತು. ಇಷ್ಟೆಲ್ಲ ಬಲ್ಲವನಿಗೆ ಅಳು ತಡೆಯುವುದು ಗೊತ್ತಾಗುತ್ತಿಲ್ಲ.

ಬೀಗರಿಗೆ ನಮಸ್ಕಾರ ತಿಳಿಸು. ದೇವರು ನಿನ್ನ ಕಣ್ಣಿಗೆ ನಿದ್ದೆ ಕೊಡಲಿ.

ಇತಿ ನಿನ್ನ ಮಾವ,
ಲಕ್ಷ್ಮೀನರಸಿಂಹ

ತಾ.ಕ.: ಇವತ್ತೂ ಗ್ರಹಣ, ಇನ್ನೂ ಬಿಟ್ಟಿಲ್ಲ. ಈ ಕಾಗದವನ್ನು ನಿನ್ನತ್ತೆಗೆ ಓದಿ ಹೇಳಿದೆ. "ಹಾಗಾದ್ರೆ ನಾನು ಯಾರನ್ನ ಬೈಲಿ ರೀ?" ಎಂದು ಎದ್ದು ಒಳಗೆ ಹೋದಳು. ಗ್ರಹಣ ಹಿಡಿದರೆ ತೊಟ್ಟು ನೀರೂ ಕುಡಿಯದವಳು, ಈಗ ಈಳಿಗೆಮಣೆ ಮುಂದೆ ಕೂತು ಅಳುತ್ತ ಸೌತೆಕಾಯಿ ಹೆಚ್ಚುತ್ತಿದ್ದಾಳೆ. ಸಮರ್ಥನ ಕೈಯಲ್ಲಿ ಡಬ್ಬಿ ಬರುತ್ತದೆ. ಮುಚ್ಚಳ ತೆಗಿ, ತಾಯಿ.