ಕೈಗುಣ

ಫೆಬ್ರವರಿ 3, ಸೋಮವಾರ, ಬೆಳಿಗ್ಗೆ 9.10

ಲ್ಯಾಬಿನ ಸಿಂಕ್ ಮತ್ತೆ ಕಟ್ಟಿಕೊಂಡಿದೆ. ಕಪ್ಪು ನೀರು, ಮೇಲೆ ಎಣ್ಣೆಯ ಪೊರೆ, ಅದರ ಮೇಲೆ ಯಾರದೋ ಕೂದಲು. ತೊಳೆಯದ ಬೀಕರ್ ಏಳು. ಒಂದರಲ್ಲಿ ಟೀ ಚರಟ... ಯಾವನೋ ಪುಣ್ಯಾತ್ಮ ಬೀಕರ್‌ನಲ್ಲೇ ಟೀ ಕುಡಿದಿದ್ದಾನೆ. ತಿನ್ನುವ ಪದಾರ್ಥ ಇಡಬಾರದು ಎಂದು ಚೀಟಿ ಅಂಟಿಸಿದ ಫ್ರಿಜ್‌ನಲ್ಲಿ ಅರ್ಧ ಕಚ್ಚಿದ ಬ್ರೆಡ್. ಐದು ವರ್ಷದಿಂದ ಇದೇ ವಾಸನೆ. ಕೂದಲಿಗೆ, ಬ್ಯಾಗಿಗೆ, ಊಟದ ಡಬ್ಬಿಗೆ. ಥೂ.

ಹೊಸ ಹುಡುಗಿ ಆಗಲೇ ಬಂದು ಟೇಬಲ್ ಒರೆಸುತ್ತಿದ್ದಳು. ದಿನಕ್ಕೆ ಮೂರು ಸಲ ಒರೆಸುತ್ತಾಳೆ. ಬೇರೆಯವರು ಮುಟ್ಟಿದ್ದನ್ನು ಬಳಸುವುದಿಲ್ಲ, ಎಲ್ಲ ಹೊಸ ಪ್ಯಾಕೆಟ್‌ನಿಂದಲೇ ಆಗಬೇಕು. ನಾವು ಇಟ್ಟ ಹೆಸರು ಸೋಪಮ್ಮ. ಅಷ್ಟು ತೊಳೆದೂ ಏನು ಬಂತು? ಮೂರು ತಿಂಗಳಾಯಿತು, ಅವಳ ಫ್ಲಾಸ್ಕ್ ನೀಲಿಯಾಗಿಯೇ ಇದೆ.

ಮಾಡಬೇಕಾದ್ದಾದರೂ ಏನು ಮಹಾ? ನೀಲಿ ಬಣ್ಣದ ನೀರು, ಅದಕ್ಕೆ ನಮ್ಮ ಗುಂಪು ಕಂಡುಹಿಡಿದ ಪುಡಿ, ಒಂದಿಷ್ಟು ಪೆರಾಕ್ಸೈಡ್. ಕಲಕಲು ಬಿಡಬೇಕು. ನೀರು ತಿಳಿಯಾಗಬೇಕು. ನನ್ನ ಕೈಯಲ್ಲಿ ನಲವತ್ತು ನಿಮಿಷ. ಅವಳ ಕೈಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೂ ಇಲ್ಲ.

ಫೆಬ್ರವರಿ 5, ಬುಧವಾರ

ಗ್ರೂಪ್ ಮೀಟಿಂಗ್. ನಮ್ಮ ಗೈಡ್ ಸರ್ ಪಿಪೆಟ್‌ನ ನೀಲಿ ತುದಿಯಿಂದ ಕಿವಿ ಕೆರೆದುಕೊಳ್ಳುತ್ತ ಕೂತಿದ್ದರು. ಕೆರೆದು, ನೋಡಿ, ಒರೆಸಿ, ಮತ್ತೆ ಡಬ್ಬಿಗೆ ಹಾಕಿದರು. ನಾನು ಬಿಟ್ಟರೆ ಯಾರೂ ನೋಡಲಿಲ್ಲ, ಅಥವಾ ನೋಡಿಯೂ ನೋಡದವರಂತಿದ್ದರು.

"ಕೈಗುಣ ಅಂತ ಒಂದಿರುತ್ತಮ್ಮ," ಅಂದರು ಸೋಪಮ್ಮನಿಗೆ. "ಕೆಲವರು ಮುಟ್ಟಿದ್ರೆ ಆಗುತ್ತೆ, ಕೆಲವರು ಮುಟ್ಟಿದ್ರೆ ಆಗಲ್ಲ. ಮಾರ್ಚ್ ಆರಕ್ಕೆ ರಿವ್ಯೂ. ಕಮಿಟಿ ಎದುರಿಗೆ ಮಾಡಿ ತೋರಿಸು. ಆಗ್ಲಿಲ್ವಾ, ಬೇರೆ ದಾರಿ ನೋಡ್ಕೋ."

ಆಮೇಲೆ ನನ್ನ ಕಡೆ ಕೈ ತೋರಿಸಿದರು. "ಇವಳನ್ನ ನೋಡಿ ಕಲಿ."

ಖುಷಿಯಾಯಿತು. ಬರೆಯಲು ನಾಚಿಕೆ, ಆದರೂ ಆಗಿದ್ದು ಹೌದು. ಎಲ್ಲರೆದುರು ನನ್ನ ಬೀಡ್ ತೆಗೆದು ಫ್ಲಾಸ್ಕಿಗೆ ಹಾಕಿ ತೋರಿಸಿದೆ. ಬೀಡ್ ಎಂದರೆ ಕಲಕುವ ಪುಟ್ಟ ಅಯಸ್ಕಾಂತ, ಬಿಳಿ ಹೊದಿಕೆಯೊಳಗೆ ಒಂದು ಕಡ್ಡಿ, ಅಷ್ಟೇ. ಆದರೆ ನನ್ನದು ಹಿಂದಿನ ಸೀನಿಯರ್ ಅಕ್ಕ ಲ್ಯಾಬ್ ಬಿಟ್ಟು ಹೋಗುವಾಗ ಕೊಟ್ಟದ್ದು. "ಇದರಲ್ಲಿ ಮಾಡಿದ್ರೆ ತಪ್ಪೋದಿಲ್ಲ ಕಣೇ" ಅಂದಿದ್ದಳು. ಬಾಟಲಿಯಲ್ಲಿ ಪ್ರತ್ಯೇಕ ಇಟ್ಟಿದ್ದೇನೆ. ಮೇಲೆ ಚೀಟಿ: ಮುಟ್ಟಿದವರ ಕೈ ಮುರಿಯುತ್ತೇನೆ.

ನಲವತ್ತು ನಿಮಿಷಕ್ಕೆ ನೀರು ತಿಳಿ. ಅವಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಫೆಬ್ರವರಿ 9, ಭಾನುವಾರ

ಮನೆ. ನಲ್ಲಿಯಲ್ಲಿ ಹಳದಿ ನೀರು. ಅಮ್ಮನದು ಹಳೇ ರಾಗ — "ನಿನ್ನ ಪುಡಿ ಒಂದು ಪೊಟ್ಟಣ ತಂದುಕೊಡೇ. ಲೋಕಕ್ಕೆಲ್ಲ ನೀರು ಶುದ್ಧ ಮಾಡ್ತೀಯ, ಮನೆಗೆ ಬೇಡ್ವಾ?" ಚಿಕ್ಕಮ್ಮನಿಗೂ, ಮೇಲಿನ ಮನೆಯವರಿಗೂ, ಹಾಲಿನವನಿಗೂ ಹೇಳಿಕೊಂಡಿದ್ದಾಳೆ. ಮಾರ್ಚ್ ಇಪ್ಪತ್ತಕ್ಕೆ ಥೀಸಿಸ್ ಕೊಟ್ಟರೆ ಮಗಳು ಡಾಕ್ಟರ್. "ಇಂಜೆಕ್ಷನ್ ಕೊಡದ ಡಾಕ್ಟರ್" ಎಂದು ತಾನೇ ಹೇಳಿ ತಾನೇ ನಗುತ್ತಾಳೆ.

ಫೆಬ್ರವರಿ 12, ಬುಧವಾರ

ಸೋಪಮ್ಮ ಬೆನ್ನು ಬಿಡುತ್ತಿಲ್ಲ. ಇವತ್ತು ನೋಟ್‌ಬುಕ್ ಹಿಡಿದು ಬಂದಳು.

"ಅಕ್ಕ, ಪುಡಿ ಹಾಕದೆ ಬ್ಲ್ಯಾಂಕ್ ಮಾಡಿದ್ರಲ್ಲ... ಆಗ ಬೀಡ್ ಯಾವುದು?"

"ಪೇಪರ್‌ನಲ್ಲಿದೆ, ನೋಡ್ಕೋ."

"ನೋಡಿದೆ. ಬೀಡ್ ವಿಷ್ಯ ಬರೆದಿಲ್ಲ."

"ಯಾರಾದ್ರೂ ಬರೀತಾರಾ ಅದನ್ನ? ತಲೆ ತಿನ್ಬೇಡ, ಹೋಗು."

ಹೋದಳು. ಕಣ್ಣು ತುಂಬಿತ್ತು. ಅಳುಮುಂಜಿಗಳನ್ನು ಕಂಡರೇ ಆಗುವುದಿಲ್ಲ ನನಗೆ.

ಆದರೆ ಬ್ಲ್ಯಾಂಕ್... ಪೇಪರ್‌ಗೆ ಮಾಡಿದ ದಿನ ಎರಡು ಫ್ಲಾಸ್ಕ್ ಒಟ್ಟಿಗೇ ಓಡಿಸಿದ್ದೆ. ಪುಡಿ ಇದ್ದದ್ದರಲ್ಲಿ ನನ್ನ ಬೀಡ್. ಅದು ಅಲ್ಲಿ ತಿರುಗುತ್ತಿತ್ತಲ್ಲ, ಹಾಗಾಗಿ ಪುಡಿ ಇಲ್ಲದ್ದಕ್ಕೆ ಹೊಸ ಪ್ಯಾಕೆಟ್ ಒಡೆದು ಒಂದು ಹಾಕಿದ್ದೆ. ಅದು ನೀಲಿಯಾಗಿ ಉಳಿಯಿತು. ಪುಡಿಯಿಂದಲೇ ಬಣ್ಣ ಹೋಯಿತು ಎಂದು ಬರೆದೆವು.

ಏನಾಗುತ್ತದೆ, ನೋಡಿಬಿಡೋಣ.

ಫೆಬ್ರವರಿ 13, ಗುರುವಾರ, ಬೆಳಿಗ್ಗೆ 10.15

ನನ್ನ ಬೀಡ್. ನೀಲಿ ನೀರು. ಪೆರಾಕ್ಸೈಡ್. ಪುಡಿ ಇಲ್ಲ.

11.00

ತಿಳಿ.

ಮಧ್ಯಾಹ್ನ 12.40

ಇನ್ನೊಂದು ಫ್ಲಾಸ್ಕಿಗೆ ಹೊಸ ಬೀಡ್ ಹಾಕಿ ಪುಡಿಯನ್ನೂ ಹಾಕಿದೆ. ಒಂದೂವರೆ ಗಂಟೆ ಕಾದೆ. ನೀಲಿ.

ಮಧ್ಯಾಹ್ನ 1.20

ಬೀಡನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. ಹಳದಿ ಹಲ್ಲಿನ ಬಣ್ಣ. ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು, ಒಳಗೆ ತುಕ್ಕು. ಕಬ್ಬಿಣ ಪೆರಾಕ್ಸೈಡ್ ಜೊತೆ ಸೇರಿದರೆ ಬಣ್ಣ ಕೊಲ್ಲುತ್ತದೆ ಎಂದು ಬಿ.ಎಸ್ಸಿ. ಹುಡುಗರಿಗೂ ಗೊತ್ತು. ‘ಲೋಹವೇ ಬೇಡದ ಪುಡಿ’ ಎಂದು ಎರಡು ಪೇಪರ್ ಬರೆದಿದ್ದೇವೆ. ನೀರು ತಿಳಿ ಮಾಡಿದ್ದು ಒಡೆದ ಬೀಡಿನ ತುಕ್ಕು. ಪುಡಿ ಬರೀ ಧೂಳು.

ಊಟದ ಡಬ್ಬಿ ತೆರೆದೆ, ಮುಚ್ಚಿದೆ.

ಫೆಬ್ರವರಿ 24, ಸೋಮವಾರ

ಹನ್ನೊಂದು ದಿನ ಏನೂ ಬರೆಯಲಿಲ್ಲ. ಯಾರಿಗೂ ಹೇಳಲಿಲ್ಲ. ಥೀಸಿಸ್‌ನ ನಾಲ್ಕನೇ ಅಧ್ಯಾಯದ ಸ್ಪೆಲಿಂಗ್ ತಿದ್ದಿದೆ. ಸುಳ್ಳಿಗೆ ಕಾಮಾ, ಫುಲ್‌ಸ್ಟಾಪ್ ಎಲ್ಲ ಸರಿಯಾಗಿರಬೇಕಲ್ಲ.

ಸೋಪಮ್ಮ ತೆಳ್ಳಗಾಗಿದ್ದಾಳೆ. ಗ್ಲೌಸ್ ಹಾಕಿಕೊಳ್ಳುವ ಮೊದಲು ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾಳೆ.

ಫೆಬ್ರವರಿ 25, ಮಂಗಳವಾರ

ಸರ್‌ಗೆ ಹೇಳಿದೆ. ಬಾಗಿಲು ಹಾಕಿ, ಬೀಡ್ ತೋರಿಸಿ, ಎಲ್ಲವನ್ನೂ. ಕೇಳಿಸಿಕೊಂಡರು. ಡ್ರಾಯರ್‌ನಿಂದ ನೀಲಿ ತುದಿ ತೆಗೆದು ಕಿವಿಗೆ ಹಾಕಿದರು.

"ಹಳೇ ಬೀಡ್‌ನಲ್ಲೇ ಮಾಡು."

"ಸರ್, ಪುಡಿ ಕೆಲಸಾನೇ ಮಾಡ್ತಿಲ್ಲ."

"ನೋಡಮ್ಮ, ನಿನ್ನ ಥೀಸಿಸ್‌ಗೆ ಇನ್ನು ಮೂರು ವಾರ ಇದೆ. ನನ್ನ ಹತ್ರ ಬಂದು ಹೇಳಿದ್ದಾಯ್ತಲ್ಲ? ನಿನ್ನ ಭಾರ ಇಳೀತು. ಇನ್ನು ನಾನು ನೋಡ್ಕೋತೀನಿ."

"ಆ ಹುಡುಗಿ?"

"ಅವಳ ಕೈ ಸರಿ ಇಲ್ಲ. ಅದು ನಿಂಗೂ ಗೊತ್ತು."

"ಹೂಂ ಸರ್" ಅಂದೆ.

ಹೂಂ ಅಂದೆ! ಹೊರಗೆ ಬಂದು ಬಾಯಿ ಮುಕ್ಕಳಿಸಿದೆ. ಅವರ ಕಿವಿಯ ಕೊಳೆ ನೋಡಿ ಹೇಸಿಗೆಪಟ್ಟುಕೊಂಡವಳು ನಾನು. ಈ ಬಾಯಿಗೆ ಏನು ಹಾಕಿ ತೊಳೆಯಲಿ?

ಮಾರ್ಚ್ 5, ಬುಧವಾರ

ಒಂದು ಉಪಾಯ. ನಾಳೆ ಅವಳ ಪಕ್ಕದಲ್ಲೇ ನಾನೂ ಮಾಡಿ ತೋರಿಸಬೇಕು, ಇಬ್ಬರ ಫ್ಲಾಸ್ಕನ್ನೂ ಜೋಡಿಸಿಡುವ ಕೆಲಸ ನನಗೇ ಹೇಳಿದ್ದಾರೆ. ಬಣ್ಣದ ನೀರು ಕಡುನೀಲಿ, ತಳ ಕಾಣುವುದಿಲ್ಲ. ಅವಳದರಲ್ಲಿ ನನ್ನ ಬೀಡ್ ಹಾಕುತ್ತೇನೆ, ನನ್ನದರಲ್ಲಿ ಹೊಸದು. ಅವಳು ಉಳಿಯುತ್ತಾಳೆ. ನನ್ನದು ಆಗದೇ ಹೋದರೆ ಯಾಕೆ ಎಂದು ಕಮಿಟಿಯೇ ಕೇಳುತ್ತದೆ. ಕೇಳಿದರೆ ಹೇಳುತ್ತೇನೆ. ನಾನಾಗಿ ಬಾಯಿ ಬಿಡುವ ಧೈರ್ಯವಿಲ್ಲ.

ಮಾರ್ಚ್ 6, ಗುರುವಾರ

ಅವಳದು ತಿಳಿ, ಮೂವತ್ತೆಂಟು ನಿಮಿಷ. ನನ್ನದು ನೀಲಿ.

ಯಾರೂ ಕೇಳಲಿಲ್ಲ. ಕಮಿಟಿಯ ಮೂವರೂ ಬಿಸ್ಕತ್ತು ತಿನ್ನುತ್ತಿದ್ದರು. ಸರ್ ನನ್ನ ಫ್ಲಾಸ್ಕ್ ನೋಡಿದರು, ನನ್ನನ್ನು ನೋಡಿದರು. ಅವರಿಗೆ ಗೊತ್ತಾಯಿತು, ಒಂದೇ ಕ್ಷಣ. ಆಮೇಲೆ ನಕ್ಕರು. "ನೋಡಿ, ಕೈಗುಣ ಅಕ್ಕನಿಂದ ತಂಗಿಗೆ ಹೋಯ್ತು!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವಳ ಫ್ಲಾಸ್ಕಿನ ಫೋಟೋ ಮೂರನೇ ಪೇಪರ್‌ಗಂತೆ.

ಸೋಪಮ್ಮ ನನ್ನನ್ನು ಅಪ್ಪಿಕೊಂಡು ಅತ್ತಳು. ಕಾರಿಡಾರ್‌ನಲ್ಲಿ ಫೋನ್ — "ಅಪ್ಪಾ, ಆಯ್ತಪ್ಪಾ, ನನ್ನ ಕೈಯಲ್ಲೂ ಆಯ್ತು."

ಸುಳ್ಳನ್ನು ನಿಲ್ಲಿಸಲು ಹೋಗಿ ಇನ್ನೊಬ್ಬಳ ಮಡಿಲಿಗೆ ಹಾಕಿ ಬಂದೆ.

ಮಾರ್ಚ್ 10, ಸೋಮವಾರ, ಸಂಜೆ 4.30

ಸೋಪಮ್ಮ ಬಂದಳು. ಕೈಯಲ್ಲಿ ಸಣ್ಣ ಗಾಜಿನ ಬಾಟಲಿ, ಒಳಗೆ ಬೀಡ್. ಫ್ಲಾಸ್ಕ್ ತೊಳೆಯುವಾಗಲೇ ಕಂಡಿತಂತೆ. ಎಲ್ಲರೂ ಸಿಂಕಿಗೆ ಎಸೆದು ಹೋಗುತ್ತಾರೆ, ಇವಳೊಬ್ಬಳು ತೊಳೆಯುತ್ತಾಳಲ್ಲ.

"ಇದು ನನ್ನದಲ್ಲ ಅಕ್ಕ. ನನ್ನವೆಲ್ಲ ಹೊಸವು, ಬೆಳ್ಳಗಿರ್ತವೆ."

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ಪುಡಿ ಹಾಕದೆ ಮಾಡ್ದೆ. ಮೂರು ಸಲ. ಮೂರು ಸಲಾನೂ ತಿಳಿ." ಬಾಟಲಿಯನ್ನು ನನ್ನ ಟೇಬಲ್ ಮೇಲಿಟ್ಟಳು. ಇಡುವ ಮೊದಲು ಟೇಬಲ್ ಒರೆಸಿದಳು, ಅಭ್ಯಾಸ. "ನಿಮಗೆ ಗೊತ್ತಿತ್ತಾ?"

"ಹೂಂ."

"ಯಾವಾಗಿಂದ?"

"ಮೊನ್ನೆ... ರಿವ್ಯೂ ಹಿಂದಿನ ದಿನ."

ಎಷ್ಟು ಸಲೀಸಾಗಿ ಬಂತು ಬಾಯಿಗೆ! ಅವಳು ನಂಬಿದಳು. ಅದೇ ಸಹಿಸಲಾಗಲಿಲ್ಲ.

"ಹಾಗಾದ್ರೆ ಪಾಪ ನೀವಾದ್ರೂ ಏನು ಮಾಡ್ತೀರಿ, ಒಂದೇ ದಿನ," ಅಂದಳು. "ನಾಲ್ಕು ತಿಂಗಳು ನನ್ನ ಕೈಯೇ ಕೆಟ್ಟದ್ದು ಅಂದ್ಕೊಂಡಿದ್ದೆ ಅಕ್ಕ. ಮನೇಲಿ ಹಾಲು ಕಾಯಿಸೋಕೂ ಹೆದರ್ತಿದ್ದೆ, ಒಡೆದು ಹೋಗುತ್ತೇನೋ ಅಂತ."

ಜರ್ನಲ್‌ಗೆ ಪತ್ರ ಬರೆದಿದ್ದಾಳೆ, ಎರಡೂ ಪೇಪರ್ ತಪ್ಪು ಎಂದು. ನಾಳೆ ಹತ್ತು ಗಂಟೆಗೆ ಕಳಿಸುತ್ತಾಳೆ. "ನಿಮ್ಮ ಹೆಸರು ಹಾಕ್ಲಾ, ಬೇಡ್ವಾ, ಅಷ್ಟರೊಳಗೆ ಹೇಳಿ. ಬೇಡ ಅಂದ್ರೂ ನಾನೇನೂ ಅಂದ್ಕೊಳ್ಳಲ್ಲ." ಸರ್ ಏನು ಮಾಡುತ್ತಾರೆ, ಗೊತ್ತಾ ಎಂದು ಕೇಳಿದೆ. ಗೊತ್ತು ಅಂದಳು.

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 9.35

ಥೀಸಿಸ್ ಬೈಂಡಿಂಗ್ ಆಗಿ ಬಂದಿದೆ. ಕೆಂಪು ರಟ್ಟು, ಚಿನ್ನದ ಅಕ್ಷರ, ಅಂಟಿನ ವಾಸನೆ. ತೆರೆಯಲಿಲ್ಲ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಮ್ಮ ಮತ್ತೆ ಪುಡಿ ಕೇಳಿದಳು. "ಆ ಪುಡಿಯಿಂದ ಏನೂ ಆಗಲ್ಲಮ್ಮ" ಅಂದೆ. "ಪರವಾಗಿಲ್ಲ, ಇನ್ನೊಂದು ಮಾಡು" ಅಂದಳು, ಪಾತ್ರೆ ಉಜ್ಜುತ್ತಲೇ.

ಸಿಂಕ್ ಹಾಗೇ ಕಟ್ಟಿಕೊಂಡಿತ್ತು. ತೋಳು ಮಡಚಿ ಕೈ ಹಾಕಿ ಎಳೆದೆ. ಕೂದಲು, ಟೀ ಚರಟ, ಹರಿದ ಗ್ಲೌಸ್, ಲೋಳೆ. ಅಸಹ್ಯ. ನೀರು ಇಳಿಯಿತು.

9.55

ಅವಳು ಬರುತ್ತಿದ್ದಾಳೆ, ಕಾರಿಡಾರ್‌ನಲ್ಲಿ ಚಪ್ಪಲಿಯ ಸದ್ದು. ಹೆಸರು ಹಾಕು ಎನ್ನುವುದು ಸುಲಭ. ಅದಕ್ಕೂ ಮೊದಲು ಅವಳಿಗೆ ಹೇಳಬೇಕಾದ್ದು ಇನ್ನೊಂದಿದೆ. ಮೊನ್ನೆ ಅಲ್ಲ ಕಣೇ. ಫೆಬ್ರವರಿ ಹದಿಮೂರು, ಬೆಳಿಗ್ಗೆ ಹನ್ನೊಂದು ಗಂಟೆ. ಇಪ್ಪತ್ತೊಂದು ದಿನ ನೀನು ನಿನ್ನ ಕೈ ನೋಡಿಕೊಳ್ಳುತ್ತಿದ್ದೆ, ನಾನು ಎದುರಿಗೇ ಕೂತು —