ಭಾವನ ಖಾಲಿ ತಟ್ಟೆ

ಮಾರ್ಚ್ 8, ಶನಿವಾರ
ಇವತ್ತೂ ಭಾವನ ಜೊತೆ ನಾನೇ ಹೋದೆ. ಷಿಕಾಗೋದ ಚರ್ಚ್ ಬೇಸ್‌ಮೆಂಟ್, ನಾವಿರುವ ಹಾಫ್‌ಮನ್ ಎಸ್ಟೇಟ್ಸ್‌ನಿಂದ 34 ಮೈಲಿ. ಡೆಸ್ಮಂಡ್ ಭಾವನಂಥ ಬ್ಲ್ಯಾಕ್ ಜನರಿಗಾಗಿಯೇ ನಡೆಯುವ ತೂಕ ಇಳಿಸುವ ಕ್ಲಾಸ್. ಪ್ರತಿಯೊಬ್ಬರೂ ಮನೆಯವರೊಬ್ಬರನ್ನು ಕರೆತರಬೇಕು. ನವ್ಯಶ್ರೀ ಅಕ್ಕನಿಗೆ ಶನಿವಾರ ಆಸ್ಪತ್ರೆ ಡ್ಯೂಟಿ. ಹೈಸ್ಕೂಲ್ ಬಿಟ್ಟು, ಆಮೇಲೆ ಎರಡು ಕೆಲಸವನ್ನೂ ಬಿಟ್ಟು ಮನೆಯಲ್ಲಿ ಖಾಲಿ ಕೂತವಳು ನಾನೇ ತಾನೆ.
ಭಾವನ ತೂಕ 268 ಪೌಂಡ್. 250ಕ್ಕೆ ಇಳಿದರೆ ಮಾತ್ರ ಮಂಡಿ ಆಪರೇಷನ್ ಎಂದಿದ್ದಾರೆ ಡಾಕ್ಟರ್. ಮೆಟ್ಟಿಲಿಳಿಯುವಾಗ ಭಾವ ಕಂಬಿ ಹಿಡಿದು ಕಣ್ಣು ಮುಚ್ಚುತ್ತಾರೆ. ನೋಡಲಾಗುವುದಿಲ್ಲ.
ಕ್ಲಾಸಿನಲ್ಲಿ ನನಗೆ ಕೊಟ್ಟ ಕೆಲಸ — ಮನೆಯಲ್ಲಿ ಅವರು ತಿಂದದ್ದನ್ನೆಲ್ಲ ಬರೆದಿಡುವುದು.

ಮಾರ್ಚ್ 13, ಗುರುವಾರ
ಮುದ್ದೆ. ಸಾರು. ಅನ್ನ. ಅನ್ನ. ಮತ್ತೆ ಅನ್ನ. ತುಪ್ಪ ಪ್ರತಿ ಸಲವೂ...
ಐದು ದಿನದ ಹಾಳೆ ನೋಡಿದ ಮೇಲೆ ಹೊಳೆಯಿತು. ತಟ್ಟೆಯಲ್ಲಿ ಏನನ್ನೂ ಬಿಟ್ಟೇಳಬಾರದು — ಭಾವ ಡೆಟ್ರಾಯಿಟ್‌ನಲ್ಲಿ ಬೆಳೆದ ರೀತಿ. ತಟ್ಟೆ ಖಾಲಿ ಕಂಡರೆ ಬಡಿಸಲೇಬೇಕು, ಅಳಿಯನಿಗಂತೂ ಕೇಳದೆಯೇ — ಅಮ್ಮನ ರೀತಿ. ಎರಡು ವರ್ಷದಿಂದ ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಲೇ ಇದ್ದಾರೆ.

ಮಾರ್ಚ್ 15, ಶನಿವಾರ ಸಂಜೆ
ಕ್ಲಾಸಿನಲ್ಲಿ ಹಾಳೆಯನ್ನೂ ನನಗೆ ಹೊಳೆದದ್ದನ್ನೂ ಎಲ್ಲರೆದುರು ಓದಿದೆ. ಕ್ಲಾಸ್ ನಡೆಸುವ ಮಿಸ್ ಬರ್ನೀಸ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಭಾವ ನಗಲಿಲ್ಲ. ಕಾರಿನಲ್ಲಿ ಹೇಳಿದರು: "ಎಲ್ಲಾ ಅಮ್ಮನ ತಲೆಗೆ ಕಟ್ಟಿಬಿಟ್ಟೆ, ಪವಿತ್ರ. ಡೋನಟ್ ಯಾಕೆ ಓದ್ಲಿಲ್ಲ?"
ನಿಜ. ದಾರಿಯಲ್ಲಿ ನಾನು ಕೊಳ್ಳುವ ಡೋನಟ್‌ನಲ್ಲಿ ಅರ್ಧ ಅವರದು. ಹಾಳೆಗೆ ಸೇರಿಸಿದೆ — ತಪ್ಪು ನನ್ನದು ಎಂದೂ.
ಮನೆಗೆ ಬಂದು ಅಮ್ಮನಿಗೂ ಎಲ್ಲ ಹೇಳಿದೆ.
"ನನ್ ಕೈಯಡುಗೆ ಈಗ ವಿಷ ಆಯ್ತೇನೆ?" ಸೌಟು ಕುಕ್ಕಿ ಹೋದಳು.

ಏಪ್ರಿಲ್ 5, ಶನಿವಾರ
ಮೂರು ವಾರದಿಂದ ಅಮ್ಮ ಬಡಿಸಿಲ್ಲ. ಪಾತ್ರೆಗಳನ್ನು ಮೇಜಿನ ಮೇಲಿಟ್ಟು ರೂಮಿಗೆ. ಭಾವ 260. ಆದರೂ ಮುಖ ಸಪ್ಪಗೆ.
ಇವತ್ತು ಅಮ್ಮ ತಾನಾಗಿಯೇ ಕಾರು ಹತ್ತಿದಳು. "ಅದೇನ್ ಹೇಳ್ಕೊಡ್ತಾರೋ ನೋಡೇಬಿಡೋಣ." ಮಿಸ್ ಬರ್ನೀಸ್ ಪಕ್ಕದಲ್ಲೇ ಕೂರಿಸಿಕೊಂಡರು. ಇಂಗ್ಲಿಷ್ ಅರ್ಧ, ಕೈಸನ್ನೆ ಅರ್ಧ — ಒಂದು ಗಂಟೆ ಮಾತು.
ವಾಪಸ್ ಬರುವಾಗ: "ಆಯಮ್ಮನ ಗಂಡ ಐವತ್ತಕ್ಕೇ ಹೋದ್ನಂತೆ ಕಣೆ. ಹಾರ್ಟು." ಮನೆಗೆ ಬಂದವಳೇ ಅಕ್ಕಿ ಡಬ್ಬ ಪಕ್ಕಕ್ಕಿಟ್ಟು ಹುರುಳಿಕಾಳು ನೆನೆಹಾಕಿದಳು.

ಜೂನ್ 7, ಶನಿವಾರ
ಕ್ಲಾಸಿನ ತಕ್ಕಡಿಯಲ್ಲಿ 251.
"ಒಂದ್ ಪೌಂಡ್ ತಾನೆ. ಇನ್ನೂರೈವತ್ತು ಅಂತ ಬರಿ," ಎಂದಳು ಅಮ್ಮ. 251 ಎಂದೇ ಬರೆದೆ. ದಾರಿಯುದ್ದಕ್ಕೂ ಕಿಟಕಿಗೆ ಮುಖ ತಿರುಗಿಸಿ ಕೂತಳು. ಭಾವ ಕನ್ನಡಿಯಲ್ಲಿ ಅವಳನ್ನು ನೋಡಿ ನಗುತ್ತಿದ್ದರು.

ಜೂನ್ 12, ಗುರುವಾರ, 11:20, ಕ್ಲಿನಿಕ್ ಪಾರ್ಕಿಂಗ್
ಡಾಕ್ಟರ ತಕ್ಕಡಿಯಲ್ಲಿ 249. ಆಪರೇಷನ್ ಜುಲೈ 22ಕ್ಕೆ.
ಭಾವ ಸ್ಟಿಯರಿಂಗ್ ಹಿಡಿದಿದ್ದಾರೆ, ಕಾರು ಇನ್ನೂ ಶುರು ಮಾಡಿಲ್ಲ. ತೂಕ ನೋಡುತ್ತಾರೆಂದು ಬೆಳಗಿನಿಂದ ಏನೂ ತಿಂದಿಲ್ಲ. ಹಿಂದಿನ ಸೀಟಿನಿಂದ ಅಮ್ಮ: "ಡೆಸ್ಮಂಡ್, ಹಸಿವಾ?"
ಹಾಗೆ ಕೇಳಿದ್ದು ಇದೇ ಮೊದಲು.
"ಹೌದಮ್ಮ. ತುಂಬಾ."
ಡಬ್ಬಿ ತೆಗೆದಳು. ಇಡ್ಲಿ.
"ಎಷ್ಟು ಹಾಕ್ಲಿ?"
"ಎರಡು."
ನನ್ನ ಕಡೆ ತಿರುಗಿ — "ಬರ್ಕೊಳ್ಳೇ, ಎರಡು ಅಂತ. ಮೂರನೇದು ನಿಂಗೆ. ಆ ಪೆನ್ನು ಆ ಕಡೆ ಇಟ್ಟು ತಿನ್—"